20 ಟೀ ಶರ್ಟಿಗೆ ಯಾವ ಯಂತ್ರ?

ಟೀ ಶರ್ಟಿನ ಮೇಲೆ ಅಚ್ಚು ಹಾಕಲು ಇಂದು ಚಾಲ್ತಿಯಲ್ಲಿರುವ ವಿಧಾನಗಳು ಮುಖ್ಯವಾಗಿ ಐದು: ಸ್ಕ್ರೀನ್ ಪ್ರಿಂಟಿಂಗ್, ಸಬ್ಲಿಮೇಶನ್, ವಿನೈಲ್, ಡಿಟಿಜಿ ಮತ್ತು ಡಿಟಿಎಫ್. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಸುಮ್ಮನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದು ಆರ್ಡರಿಗೆ ಎಷ್ಟು ಶರ್ಟು, ಎಂಥ ಬಟ್ಟೆ, ಎಷ್ಟು ಬಣ್ಣ ಎಂಬುದು ಮೊದಲು ಗೊತ್ತಾಗಬೇಕು. ರಾಜ್ಯೋತ್ಸವಕ್ಕೆ ಕನ್ನಡ ಸಂಘವೊಂದು 20 ಶರ್ಟು ಮಾಡಿಸುವುದು, ಊರಿನ ಕ್ರಿಕೆಟ್ ತಂಡ 15 ಜೆರ್ಸಿಗೆ ಹೆಸರು, ನಂಬರ್ ಹಾಕಿಸುವುದು, ಕಾಲೇಜು ಫೆಸ್ಟಿಗೆ 300 ಶರ್ಟು ಬೇಕಾಗುವುದು ಹೊರಗಿನವರಿಗೆ ಒಂದೇ ಕೆಲಸದಂತೆ ಕಂಡರೂ ಮೂರಕ್ಕೂ ಬೇಕಾಗುವ ಸಲಕರಣೆ ಬೇರೆ.

ಸ್ಕ್ರೀನ್ ಪ್ರಿಂಟಿಂಗ್ ಇವುಗಳಲ್ಲಿ ಹಳೆಯದು. ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಜಾಲರಿಗೆ ಎಮಲ್ಶನ್ ಬಳಿದು, ಕತ್ತಲಲ್ಲಿ ಒಣಗಿಸಿ, ಚಿತ್ರದ ಫಿಲ್ಮ್ ಇಟ್ಟು ಬೆಳಕಿಗೆ ಒಡ್ಡಿದರೆ ಬೆಳಕು ಬಿದ್ದ ಭಾಗ ಗಟ್ಟಿಯಾಗುತ್ತದೆ. ಚಿತ್ರವಿದ್ದ ಭಾಗ ನೀರಿಗೆ ಕರಗಿಹೋಗಿ ಶಾಯಿ ಇಳಿಯಲು ದಾರಿ ಬಿಡುತ್ತದೆ. ಬಟ್ಟೆಗೆ ಸಾಮಾನ್ಯವಾಗಿ ಇಂಚಿಗೆ 110 ಎಳೆಯ ಜಾಲರಿ ಸಾಕು. ಸಣ್ಣ ಅಕ್ಷರ, ತೆಳು ಗೆರೆಗಳಿದ್ದರೆ 150ಕ್ಕಿಂತ ಮೇಲಿನದು ಬೇಕು. ತೊಡಕಿರುವುದು ಬಣ್ಣಕ್ಕೊಂದು ಸ್ಕ್ರೀನ್ ಮಾಡಬೇಕೆಂಬಲ್ಲಿ. ಒಂದು ಸ್ಕ್ರೀನಿಗೆ 400 ರೂಪಾಯಿ ಎಂದಿಟ್ಟುಕೊಂಡರೆ ನಾಲ್ಕು ಬಣ್ಣಕ್ಕೆ 1,600 ರೂಪಾಯಿ. ಅದನ್ನು 20 ಶರ್ಟಿಗೆ ಹಂಚಿದರೆ ತಲಾ 80 ರೂಪಾಯಿ, 400 ಶರ್ಟಿಗೆ ಹಂಚಿದರೆ ತಲಾ 4 ರೂಪಾಯಿ. ಹಾಗಾಗಿ ಒಂದೆರಡು ಬಣ್ಣದ, 50 ದಾಟಿದ ಆರ್ಡರುಗಳಿದ್ದರಷ್ಟೇ ಸ್ಕ್ರೀನ್ ಗಿಟ್ಟುತ್ತದೆ. ಸ್ಕ್ರೀನಿನಲ್ಲಿ ಬಳಸುವ ಪ್ಲಾಸ್ಟಿಸಾಲ್ ಶಾಯಿಯ ಸ್ವಭಾವವೂ ಗೊತ್ತಿರಬೇಕು. ಅದು ಗಾಳಿಗೆ ಒಣಗುವುದಿಲ್ಲ; ಪದರ ತಳದವರೆಗೂ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕಾಯಬೇಕು. ಮೇಲ್ಮೈ ಒಣಗಿದಂತೆ ಕಂಡು ಒಳಗೆ ಹಸಿ ಉಳಿದರೆ ನಾಲ್ಕಾರು ಒಗೆತದಲ್ಲಿ ಬಿರುಕು ಬಿಡುತ್ತದೆ. ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಹಿಗ್ಗಿಸಿ ನೋಡುವುದು ಇದಕ್ಕೆ ಕಸುಬಿನವರ ಪರೀಕ್ಷೆ.

ಸಬ್ಲಿಮೇಶನ್ನಿನಲ್ಲಿ ವಿಶೇಷ ಶಾಯಿಯಿಂದ ಕಾಗದದ ಮೇಲೆ ಚಿತ್ರವನ್ನು ತಿರುವುಮುರುವಾಗಿ ಮುದ್ರಿಸಿ, ಶರ್ಟಿನ ಮೇಲಿಟ್ಟು 190ರಿಂದ 200 ಡಿಗ್ರಿಯಲ್ಲಿ ಒಂದು ನಿಮಿಷದಷ್ಟು ಹೊತ್ತು ಒತ್ತಲಾಗುತ್ತದೆ. ಬಣ್ಣ ಆವಿಯಾಗಿ ಎಳೆಯೊಳಗೇ ಸೇರುವುದರಿಂದ ಕೈಗೆ ಏನೂ ತಗಲದು, ಬಿರುಕಿನ ಮಾತೇ ಇಲ್ಲ. ಆದರೆ ಬಟ್ಟೆ ಪಾಲಿಯೆಸ್ಟರೇ ಆಗಿರಬೇಕು, ಅದೂ ಬಿಳಿ ಅಥವಾ ತಿಳಿ ಬಣ್ಣದ್ದು. ಹತ್ತಿಯ ಮೇಲೆ ಹಾಕಿದರೆ ಒಗೆದಾಗ ಮಾಸಿಹೋಗುತ್ತದೆ. ಬಿಳಿ ಶಾಯಿ ಇಲ್ಲದ ವಿಧಾನವಾದ್ದರಿಂದ ಕಪ್ಪು ಶರ್ಟಿನ ಮೇಲೆ ಏನೂ ಕಾಣದು. ಜೆರ್ಸಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆಯಿಲ್ಲ.

ಹೆಸರು, ನಂಬರುಗಳಿಗೆ ವಿನೈಲ್ ಸಾಕು. ಕಟಿಂಗ್ ಪ್ಲಾಟರ್ ವಿನೈಲ್ ಹಾಳೆಯಲ್ಲಿ ಅಕ್ಷರದ ಅಂಚನ್ನು ಕೊರೆಯುತ್ತದೆ. ಬೇಡದ ಭಾಗವನ್ನು ಕೈಯಿಂದ ಬಿಡಿಸಿ ತೆಗೆಯಬೇಕು. ಇಂಗ್ಲಿಷಿನ ದಪ್ಪ ಅಕ್ಷರಗಳಿಗೆ ಇದು ಸಲೀಸು. ಕನ್ನಡದಲ್ಲಿ ಹಾಗಲ್ಲ. ‘ರಾಷ್ಟ್ರ’ ಎಂದು ಸಣ್ಣದಾಗಿ ಕತ್ತರಿಸಿದರೆ ಕೆಳಗಿನ ಒತ್ತಕ್ಷರಗಳು ಚಿಮುಟದ ತುದಿಗೇ ಅಂಟಿಕೊಂಡು ಬಂದುಬಿಡುತ್ತವೆ. ದೊಡ್ಡ ಅಕ್ಷರದ ಒಂದೆರಡು ಪದಕ್ಕೆ ಸರಿ, ನಾಲ್ಕು ಸಾಲಿನ ಬರಹಕ್ಕೆ ಬೇಡ.

ಡಿಟಿಜಿ ಎಂದರೆ ಶರ್ಟಿನ ಮೇಲೆ ನೇರವಾಗಿ ಮುದ್ರಿಸುವ ಪ್ರಿಂಟರ್. ಹತ್ತಿಯ ಮೇಲೆ ಫೋಟೊದಷ್ಟು ನವಿರಾದ ಕೆಲಸ ಬರುತ್ತದೆ, ಆದರೆ ಗಾಢ ಬಣ್ಣದ ಶರ್ಟಿಗೆ ಮೊದಲೇ ಒಂದು ದ್ರಾವಣ ಸಿಂಪಡಿಸಿ ಒಣಗಿಸಬೇಕು. ಯಂತ್ರದ ಬೆಲೆ ನೋಡಿದರೆ ಸಣ್ಣ ಅಂಗಡಿಯವರು ಇದರ ಗೋಜಿಗೆ ಹೋಗದಿರುವುದೇ ಮೇಲು.

ಈಗ ಎಲ್ಲರ ಬಾಯಲ್ಲಿರುವುದು ಡಿಟಿಎಫ್. ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಬಣ್ಣ, ಅದರ ಮೇಲೆ ಬಿಳಿ ಶಾಯಿ ಮುದ್ರಿಸಿ, ಹಸಿ ಇರುವಾಗಲೇ ಅಂಟಿನ ಪುಡಿ ಉದುರಿಸಿ ಕಾಯಿಸಲಾಗುತ್ತದೆ. ಫಿಲ್ಮನ್ನು ಶರ್ಟಿನ ಮೇಲೆ 150ರಿಂದ 160 ಡಿಗ್ರಿಯಲ್ಲಿ 10ರಿಂದ 15 ಸೆಕೆಂಡು ಒತ್ತಿ ಎಳೆದರೆ ಚಿತ್ರ ಬಟ್ಟೆಗೆ ಕೂರುತ್ತದೆ. ಹತ್ತಿಯಾಗಲಿ ಪಾಲಿಯೆಸ್ಟರಾಗಲಿ, ಕಪ್ಪಾಗಲಿ ಬಿಳಿಯಾಗಲಿ, ಬಣ್ಣ ಎಷ್ಟೇ ಇರಲಿ ನಡೆಯುತ್ತದೆ. ಕೆಂಪು ಪಾಲಿಯೆಸ್ಟರ್ ಮಾತ್ರ ಕಾಟ ಕೊಡುತ್ತದೆ: ಶಾಖಕ್ಕೆ ಬಟ್ಟೆಯ ಬಣ್ಣವೇ ಮೇಲೇರಿ ಬಿಳಿ ಅಕ್ಷರ ಗುಲಾಬಿಯಾಗಬಹುದು. ಕೆಂಪು, ಹಳದಿಯ ರಾಜ್ಯೋತ್ಸವ ಶರ್ಟಿಗೆ ಹತ್ತಿಯನ್ನೇ ಆರಿಸುವುದು ಕ್ಷೇಮ.

ಹಾಗೆಂದು ಮೊದಲ ದಿನವೇ ಡಿಟಿಎಫ್ ಪ್ರಿಂಟರ್ ಕೊಳ್ಳುವುದು ಜಾಣತನವಲ್ಲ. ಬಿಳಿ ಶಾಯಿಯಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್. ತೂಕದ ಪುಡಿಯಾದ್ದರಿಂದ ನಿಂತಲ್ಲೇ ತಳಕ್ಕಿಳಿಯುತ್ತದೆ. ದಿನವೂ ಕಲಕಿ, ಒಂದಿಷ್ಟು ಮುದ್ರಿಸದಿದ್ದರೆ ಪ್ರಿಂಟರಿನ ಹೆಡ್ ಕಟ್ಟಿಕೊಳ್ಳುತ್ತದೆ, ಹೆಡ್ ಬದಲಿಸುವುದು ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ನುಂಗುತ್ತದೆ. ವಾರಕ್ಕೆ ಎರಡು ಆರ್ಡರ್ ಬರುವ ಅಂಗಡಿಗೆ ಇದು ಸಾಕಲಾರದ ಹಸು. ಮೀಟರ್ ಲೆಕ್ಕದಲ್ಲಿ ಡಿಟಿಎಫ್ ಮುದ್ರಿಸಿ ಕೊಡುವವರಿದ್ದಾರೆ. 60 ಸೆಂ.ಮೀ. ಅಗಲದ ಒಂದು ಮೀಟರ್ ಫಿಲ್ಮಿನಲ್ಲಿ 25×30 ಸೆಂ.ಮೀ. ಅಳತೆಯ ಆರು ಚಿತ್ರಗಳು ಕೂರುತ್ತವೆ, ಬದಿಯ ಪಟ್ಟಿಯಲ್ಲಿ ಎದೆಯ ಮೇಲಿನ ಸಣ್ಣ ಲೋಗೊಗಳೂ ಹಿಡಿಯುತ್ತವೆ. 20 ಶರ್ಟಿಗೆ ನಾಲ್ಕು ಮೀಟರ್ ಧಾರಾಳ. ಕಳಿಸುವ ಫೈಲಿನಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟುಗಳಿದ್ದರೆ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿರಬೇಕು. ಇಲ್ಲವಾದರೆ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ರೋಮನ್ ಚಿಹ್ನೆಗಳ ಕಲಸುಮೇಲೋಗರ ತೆರೆದುಕೊಳ್ಳುತ್ತದೆ.

ಹೀಗೆ ಫಿಲ್ಮನ್ನು ಹೊರಗೆ ಮುದ್ರಿಸಿಕೊಂಡರೆ ಅಂಗಡಿಗೆ ಬೇಕಾಗುವ ಯಂತ್ರ ಹೀಟ್ ಪ್ರೆಸ್ ಒಂದೇ. ಹಣ ಹಾಕಬೇಕಾದ್ದೂ ಅದಕ್ಕೇ. 38×38 ಸೆಂ.ಮೀ. ತಟ್ಟೆಯದು ಸಣ್ಣ ಕೆಲಸಕ್ಕೆ ಸಾಕು, ಬೆನ್ನಿನ ತುಂಬ ಚಿತ್ರ ಬೇಕೆಂದರೆ 40×50 ಬೇಕು. ಬಾಯಿ ತೆರೆದಂತೆ ಮೇಲೇಳುವ ಮಾದರಿ ಜಾಗ ಉಳಿಸುತ್ತದೆ. ತಟ್ಟೆ ಪಕ್ಕಕ್ಕೆ ಸರಿಯುವ ಮಾದರಿಯಲ್ಲಿ ಕೈ ಸುಡುವ ಭಯ ಕಡಿಮೆ, ಒತ್ತಡವೂ ಸಮನಾಗಿ ಬೀಳುತ್ತದೆ. ಕೊಳ್ಳುವಾಗ ಎರಡು ಪರೀಕ್ಷೆ ಮಾಡಿಸಬೇಕು. ಮೊದಲನೆಯದು, ನಾಲ್ಕೂ ಮೂಲೆಗೆ ಒಂದೊಂದು ಕಾಗದದ ಚೂರಿಟ್ಟು, ಪ್ರೆಸ್ ಮುಚ್ಚಿ ಎಳೆಯುವುದು. ಒಂದು ಮೂಲೆಯದು ಸಡಿಲವಾಗಿ ಬಂದರೆ ತಟ್ಟೆ ವಾಲಿದೆ ಎಂದೇ ಅರ್ಥ. ಎರಡನೆಯದು, ಯಂತ್ರ ಕಾದ ಮೇಲೆ ನಡುವಿನ, ಅಂಚಿನ ಶಾಖವನ್ನು ಬೇರೆ ಬೇರೆ ಅಳೆಯುವುದು. ಪರದೆಯಲ್ಲಿ 160 ಎಂದು ತೋರಿಸುತ್ತಿದ್ದರೂ ಅಂಚಿನಲ್ಲಿ 140 ಇದ್ದರೆ ಚಿತ್ರದ ತುದಿಗಳು ಒಗೆದಾಗ ಏಳುತ್ತವೆ. ಇಂಥ ಯಂತ್ರಗಳು 1,800 ವ್ಯಾಟ್‌ನಷ್ಟು ವಿದ್ಯುತ್ ಎಳೆಯಬಹುದು, ಅಂದರೆ ಸುಮಾರು 8 ಆಂಪಿಯರ್. ಮನೆಯ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕೆಟ್ ಸುಟ್ಟುಹೋಗಬಹುದು. 16 ಆಂಪಿಯರಿನ ಪಾಯಿಂಟ್, ಸರಿಯಾದ ಅರ್ಥಿಂಗ್ ಬೇಕು.

ಪ್ರೆಸ್ಸಿನ ಜೊತೆಗೆ ಟೆಫ್ಲಾನ್ ಹಾಳೆ ಮತ್ತು ಕಾಲರ್, ಗುಂಡಿ, ಹೊಲಿಗೆಗಳ ಉಬ್ಬನ್ನು ತುಂಬಿಕೊಳ್ಳಲು ಶರ್ಟಿನೊಳಗಿಡುವ ಸ್ಪಂಜಿನ ದಿಂಬು ಇರಬೇಕು. ಚಿತ್ರ ಇಡುವ ಮುಂಚೆ ಬರೀ ಶರ್ಟನ್ನು ಐದು ಸೆಕೆಂಡು ಒತ್ತಿದರೆ ಬಟ್ಟೆಯ ತೇವ ಹೋಗುತ್ತದೆ. ಮಳೆಗಾಲದಲ್ಲಿ ಇದನ್ನು ಬಿಡಲೇಬಾರದು. ಜೆರ್ಸಿಯ ಕೇಳಿಕೆ ಬರತೊಡಗಿದಾಗ ಸಬ್ಲಿಮೇಶನ್ ಪ್ರಿಂಟರ್, ನೂರರ ಆರ್ಡರುಗಳು ಮತ್ತೆ ಮತ್ತೆ ಬಂದಾಗ ಸ್ಕ್ರೀನ್ ಮೇಜು ಸೇರಿಸಿಕೊಳ್ಳಬಹುದು. ಡಿಟಿಎಫ್ ಪ್ರಿಂಟರಿನ ಸರದಿ ಬರುವುದು ಹೊರಗೆ ಮುದ್ರಿಸುವ ಫಿಲ್ಮು ದಿನಕ್ಕೆ ಹಲವು ಮೀಟರ್ ದಾಟಿದ ಮೇಲೆ.