ದೊಡ್ಡ ಹೆಲಿಕಾಪ್ಟರು ಯಾಕೆ ನಿಂತಿತು?

ಹೋದ ಶ್ರಾವಣದಾಗ ನಮ್ಮ ಮನೆಯ ಮಗ್ಗ ಹನ್ನೊಂದು ದಿನ ನಿಂತಿತ್ತು. ಒಂದು ಗೇರ್ ಚಕ್ರದ ಮೂರು ಹಲ್ಲು ಮುರಿದಿದ್ದವು, ಅಷ್ಟೇ. ಇದು ಹಳೇ ಮಾದರಿ, ಇದರ ಪಾರ್ಟು ಈಗ ಬರೂದಿಲ್ಲ ಅಂದರು ಅಂಗಡಿಯವರು. ಅಪ್ಪ ಬನಹಟ್ಟಿ, ರಬಕವಿ, ಜಮಖಂಡಿ ಎಲ್ಲಾ ತಿರುಗಿ ಬಂದರು. ಹನ್ನೊಂದು ದಿನ ಸೀರೆ ಇಲ್ಲ, ಕೂಲಿ ಇಲ್ಲ. ಅವ್ವ ಸುತ್ತಿದ ಕಂಡಿಕಿ ಬುಟ್ಟಿಯಲ್ಲೇ ಕುಳಿತವು.

ಅದೇ ವಾರ ವಿಜ್ಞಾನದ ಗುರುಗಳು ನಮ್ಮ ವಾಯುಪಡೆಯ ಅತಿ ದೊಡ್ಡ ಹೆಲಿಕಾಪ್ಟರ್ ಕೂಡ ಹೀಗೇ ನಿಂತ ಸಂಗತಿ ಹೇಳಿದರು. ಅದರ ಹೆಸರು ಎಂಐ-26. ಸೋವಿಯತ್ ದೇಶದಲ್ಲಿ 1977ರಲ್ಲಿ ಮೊದಲ ಸಲ ಹಾರಿತು. 1986ರಲ್ಲಿ ನಮ್ಮ ದೇಶಕ್ಕೆ ಬಂದು ಚಂಡೀಗಡದಲ್ಲಿ ನೆಲೆಸಿತು. ನೆತ್ತಿಯ ಮೇಲೆ ಎಂಟು ರೆಕ್ಕೆ. ಅವು ತಿರುಗುವ ವೃತ್ತದ ಅಡ್ಡಳತೆ 32 ಮೀಟರ್. ನಾನು ಹೆಜ್ಜೆ ಹಾಕಿ ನೋಡಿದೆ, ನಮ್ಮ ಶಾಲೆಯ ಅಂಗಳ ಸಾಲಲಿಲ್ಲ! ಅದು 20 ಟನ್ ಎತ್ತುತ್ತದೆ. ಅಂದರೆ ನಮ್ಮ ಕಡೆ ಟ್ರ್ಯಾಕ್ಟರಿಗೆ ಕಟ್ಟುವ ಎರಡು ಟ್ರೇಲರ್ ಕಬ್ಬು, ಹೆಚ್ಚುಕಮ್ಮಿ.

ಮಗ್ಗ ಕೆಟ್ಟರೆ ನಿಲ್ಲುತ್ತದೆ. ಹೆಲಿಕಾಪ್ಟರ್ ಆಕಾಶದಾಗ ಕೆಟ್ಟರೆ? ಅದಕ್ಕೇ ಅದರ ಇಂಜಿನ್, ಗೇರ್ ಪೆಟ್ಟಿಗೆ, ರೆಕ್ಕೆಗಳಿಗೆಲ್ಲ ಇಷ್ಟು ತಾಸು ಅಂತ ಆಯುಷ್ಯ ಬರೆದಿರುತ್ತಾರೆ. ತಾಸು ಮುಗಿದ ಮೇಲೆ, ನೋಡಲಿಕ್ಕೆ ಚೆನ್ನಾಗಿದ್ದರೂ, ಬಿಚ್ಚಿ ದುರಸ್ತಿ ಮಾಡಬೇಕು, ಇಲ್ಲವೇ ಹೊಸದು ಹಾಕಬೇಕು. ಆ ದೊಡ್ಡ ದುರಸ್ತಿಗೆ ಕಾಯುತ್ತಾ ನಮ್ಮ ಎಂಐ-26ಗಳು ವರ್ಷಗಟ್ಟಲೆ ನೆಲದ ಮೇಲೆ ನಿಂತವು.

ಇದರಲ್ಲಿ ಇನ್ನೊಂದು ತೊಡಕು. ಹೆಲಿಕಾಪ್ಟರ್ ತಯಾರಾಗುವುದು ರಷ್ಯಾದ ರೊಸ್ತೋವ್ ಊರಿನಲ್ಲಿ, ಆದರೆ ಅದರ ಇಂಜಿನ್ ಮಾಡುತ್ತಿದ್ದದ್ದು ಉಕ್ರೇನಿನ ಝಪೋರಿಝಿಯಾದಲ್ಲಿ. ಮೊದಲು ಎರಡೂ ಒಂದೇ ದೇಶ. 2014ರಲ್ಲಿ ಜಗಳ ಬಿದ್ದು ಉಕ್ರೇನ್ ಸೇನಾ ಸಾಮಾನು ಕೊಡುವುದನ್ನು ನಿಲ್ಲಿಸಿತು. ಮಾಡಿದವರಿಗೇ ಇಂಜಿನ್ ಇಲ್ಲದಂಗಾಯಿತು! ರಷ್ಯಾ ತನ್ನದೇ ಹೊಸ ಇಂಜಿನ್ ತಯಾರಿಸುವ ಕೆಲಸ ಹಿಡಿಯಿತು.

ನಮ್ಮ ದೇಶ 2015ರಲ್ಲಿ ಅಮೆರಿಕದ 15 ಚಿನೂಕ್ ಹೆಲಿಕಾಪ್ಟರ್‌ಗಳಿಗೆ ಒಪ್ಪಂದ ಮಾಡಿತು. 2019ರ ಮಾರ್ಚ್ 25ರಂದು ಅವು ಚಂಡೀಗಡದಲ್ಲೇ ಸೇವೆಗೆ ಸೇರಿದವು. ಅವಕ್ಕೆ ಮುಂದೊಂದು ಹಿಂದೊಂದು, ಎರಡು ಪಂಖ. ಎತ್ತುವುದು ಸುಮಾರು 10 ಟನ್, ಅಂದರೆ ಒಂದೇ ಟ್ರೇಲರ್. ಅವುಗಳ ಪಾರ್ಟಿಗೆ ಅಮೆರಿಕದ ಕಡೆ ನೋಡಬೇಕು.

ಹಾಗಾದರೆ ನಾವೇ ಯಾಕೆ ಮಾಡಬಾರದು? ಬೆಂಗಳೂರಿನ ಎಚ್‌ಎಎಲ್ ಮಾಡಿದ ಧ್ರುವ 1992ರಲ್ಲಿ ಮೊದಲು ಹಾರಿತು. ತುಂಬಿದಾಗ ಅದರ ಒಟ್ಟು ತೂಕವೇ 5.5 ಟನ್. 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಆಯಿತು. 13 ಟನ್ನಿನ ಒಂದು ಹೆಲಿಕಾಪ್ಟರಿನ ಯೋಜನೆ ನಡೆದಿದೆ. ಅದರ ಇಂಜಿನ್ನಿಗೆ ಅರಾವಳಿ ಅಂತ ಹೆಸರಿಟ್ಟಿದ್ದಾರೆ, ಫ್ರಾನ್ಸಿನ ಸಫ್ರಾನ್ ಕಂಪನಿ ಜೊತೆ ಕೂಡಿ ಮಾಡುತ್ತಾರೆ. ತುಂಬಿದ ಎಂಐ-26 ತೂಗುವುದು 56 ಟನ್, ಅಂದರೆ ಇನ್ನೂ ಬಾಳ ದೂರ ಐತಿ.

ಕಡೆಗೆ ನಮ್ಮ ಗೇರನ್ನು ಬನಹಟ್ಟಿಯ ಒಬ್ಬ ಲೇಥ್ ಮಿಸ್ತ್ರಿ ಹಳೇದನ್ನೇ ನೋಡಿ ಕಡಿದುಕೊಟ್ಟರು. ಹೆಲಿಕಾಪ್ಟರಿನ ಗೇರೂ ಅವರೇ ಕಡಿಯಬಹುದಲ್ಲ ಸರ್ ಅಂದೆ. ತರಗತಿಯವರೆಲ್ಲ ನಕ್ಕರು. ಗುರುಗಳು ನಗಲಿಲ್ಲ. ಆಕಾರ ಕಡಿಯಬಹುದಪ್ಪ, ಆದರೆ ಯಾವ ಲೋಹಕ್ಕೆ ಏನು ಬೆರೆಸಿದರು, ಎಷ್ಟು ಕಾಸಿ ಹೆಂಗ ಆರಿಸಿದರು ಅನ್ನೋದು ಗೇರ್ ನೋಡಿದರ ಕಾಣೂದಿಲ್ಲ ಅಂದರು.

ಮುರಿದ ಗೇರು ನಮ್ಮ ಕಿಟಕಿಯಲ್ಲಿದೆ. ಅಪ್ಪ ಒಗೀಬೇಡ ಅಂದಾರ, ಮತ್ತೆ ಮುರಿದರೆ ಅಳತೆಗೆ ಬೇಕಂತ.

— 7ನೇ ತರಗತಿ