ಬದುವಿನ ಮುನಿಸಿಗೆ ‘ಸಲೋಖಾ’ ಮದ್ದು

ಜತ್ತ: ಎಳ್ಳಮಾವಾಸ್ಯೆ ದಿನ ಜತ್ತ, ಅಕ್ಕಲಕೋಟ ಸೀಮೆಯಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದವರು ಚರಗ ಚೆಲ್ಲಿ, ಮಗ್ಗುಲ ಹೊಲದವರನ್ನು ‘ಬರ್ರಿ ಕಾಕಾ, ಊಟಕ್ಕ’ ಎಂದು ಕೂಗಿ ಕರೆಯುತ್ತಾರೆ. ಆದರೆ ಕೆಲವು ಬದುಗಳಲ್ಲಿ ಅಂದೂ ಯಾರೂ ಯಾರನ್ನೂ ಕರೆಯುವುದಿಲ್ಲ. ಅಜ್ಜಂದಿರ ಕಾಲದ ಮುನಿಸು ಮೊಮ್ಮಕ್ಕಳ ತನಕ ಬಂದಿರುತ್ತದೆ.

ಬಹಳ ಕಡೆ ಈ ಜಗಳ ಹುಟ್ಟಿದ್ದು ಹೊಲದಲ್ಲಲ್ಲ, ಕಾಗದದಲ್ಲಿ. 1947ರ ಏಕತ್ರೀಕರಣ ಕಾಯ್ದೆಯ ಪ್ರಕಾರ ತುಂಡು ಹೊಲಗಳನ್ನು ಕೂಡಿಸಿದಾಗ ಹಳೆಯ ಸರ್ವೆ ನಂಬರ ಹೋಗಿ ಗಟ್ ನಂಬರ ಬಂತು. ಆ ಗಡಿಬಿಡಿಯಲ್ಲಿ ಒಬ್ಬರ ಹೊಲ ಇನ್ನೊಬ್ಬರ ಹೆಸರಿಗೆ ಏರಿದ್ದುಂಟು. ಬಾವಿ ಹತ್ತಿರಾಗುತ್ತದೆಂದು ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಹೊಲ ಅದಲುಬದಲು ಮಾಡಿಕೊಂಡದ್ದೂ ಉಂಟು. ಉಳುವವ ಒಬ್ಬ, ಸಾತಬಾರಾ ಉತಾರೆಯಲ್ಲಿ ಹೆಸರು ಇನ್ನೊಬ್ಬನದು. ಹಿರಿಯರು ಇರುವ ತನಕ ಮಾತಿಗೆ ಬೆಲೆ ಇತ್ತು. ಅವರು ತೀರಿದ ಮೇಲೆ ಸೊಸೈಟಿ ಸಾಲಕ್ಕೋ ಬೆಳೆ ವಿಮೆಗೋ ಉತಾರೆ ತೆಗೆಸಿದಾಗ ಗುಟ್ಟು ಹೊರಬೀಳುತ್ತದೆ. ಉತಾರೆ ಮರಾಠಿಯಲ್ಲಿ, ಹಿರಿಯರು ಕಲಿತದ್ದು ಕನ್ನಡ ಶಾಲೆಯಲ್ಲಿ. ಹೀಗಾಗಿ ಬರೆದದ್ದೊಂದು, ತಿಳಿದದ್ದೊಂದು ಆಗಿ ‘ನಿಮ್ಮಪ್ಪ ನಮ್ಮ ಹೊಲಾ ಹೊಡಕೊಂಡಾನ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಅಲ್ಲಿಂದ ಮುಂದೆ ಗಾಡಿದಾರಿಗೆ ಮುಳ್ಳು, ಬಾವಿ ಪಾಳಿಗೆ ತಕರಾರು, ಮೋಜಣಿ, ತಹಶೀಲ ಕಚೇರಿ, ಕೋರ್ಟು. ತಾರೀಖಿನ ಮೇಲೆ ತಾರೀಖು.

2007ರ ಆಗಸ್ಟ್ 15ರಂದು ಮಹಾರಾಷ್ಟ್ರದಲ್ಲಿ ಆರಂಭವಾದ ತಂಟಾಮುಕ್ತ ಗಾವ್ ಅಭಿಯಾನ, ಇಂಥ ಜಗಳಗಳನ್ನು ಊರ ಸಮಿತಿಯ ಮುಂದೆ ತರಿಸಿತು. ಮಾತುಕತೆ ನಡೆದು ಕೈ ಕೈ ಹಿಡಿದವರೂ ಇದ್ದರು. ಆದರೆ ಉತಾರೆಯ ಹೆಸರು ಹಾಗೇ ಉಳಿದರೆ ಜಗಳದ ಬೇರು ಅಲ್ಲೇ. ಅದಲುಬದಲು ದಸ್ತು ನೋಂದಾಯಿಸಬೇಕೆಂದರೆ ಜಮೀನಿನ ಬಾಜಾರ ಬೆಲೆಯ ಮೇಲೆ ಮುದ್ರಾಂಕ ಶುಲ್ಕ. ಮೊದಲೇ ಮುಖ ನೋಡದ ಇಬ್ಬರು ಆ ಹಣ ಯಾಕೆ ಕಟ್ಟಿಯಾರು?

2023ರ ಜನವರಿಯಲ್ಲಿ ಬಂದ ‘ಸಲೋಖಾ’ ಯೋಜನೆ ಈ ಲೆಕ್ಕವನ್ನೇ ಬದಲಿಸಿತು. ಸಲೋಖಾ ಎಂದರೆ ಮರಾಠಿಯಲ್ಲಿ ಹೊಂದಾಣಿಕೆ. ಇವರ ಹೊಲ ಅವರ ತಾಬೆಯಲ್ಲಿ, ಅವರದು ಇವರ ತಾಬೆಯಲ್ಲಿ ಕನಿಷ್ಠ 12 ವರ್ಷ ಇದ್ದರೆ ಅದಲುಬದಲಿಗೆ ಮುದ್ರಾಂಕ ಶುಲ್ಕ 1000 ರೂ., ನೋಂದಣಿ ಫೀ 1000 ರೂ. ಮಾತ್ರ. ಎರಡು ಸಾವಿರಕ್ಕೆ ಈಗ ಒಂದು ಒಳ್ಳೆಯ ಕುರಿಮರಿಯೂ ಬರುವುದಿಲ್ಲ! ದಸ್ತು ಬರೆಯುವವರ ಖರ್ಚು ಬೇರೆ. ಎನ್‌ಎ ಆದ ಜಾಗ, ಮನೆ ಜಾಗಕ್ಕೆ ಇದು ಇಲ್ಲ. ಗಡಿಯಾಚೆ ಕರ್ನಾಟಕದಲ್ಲಿ ಹೊಲ ಇದ್ದವರಿಗೆ ಅಲ್ಲಿಯ ಹೊಲಕ್ಕೂ ಇಲ್ಲ.

ಆದರೆ ಇಬ್ಬರೂ ಒಪ್ಪಬೇಕು. ಆ ಮೊದಲ ಮಾತು ಆಡುವವರು ಯಾರು? ಕಚೇರಿಯವರು ಆಡಿಸಲಾರರು. ನಮ್ಮ ಕಡೆ ಅದಕ್ಕೆ ದಾರಿಗಳು ಮೊದಲಿಂದಲೂ ಇವೆ. ದಸರೆಯಲ್ಲಿ ಬನ್ನಿ ಕೊಟ್ಟು ‘ನಾವು ನೀವು ಬಂಗಾರದಂಗ ಇರೂಣು’ ಎಂದು ಸಣ್ಣವರು ಕಾಲಿಗೆರಗಿದರೆ ಹಿರಿಯರು ಕೈ ಹಿಂದೆಗೆಯುವುದು ಕಷ್ಟ. ಸಾವಾದ ಮನೆಯಲ್ಲಿ ಒಲೆ ಹೊತ್ತದ ದಿನ ಬುತ್ತಿ ತರುವವರು ನೆರೆಯವರೇ. ಗಂಡಸರು ಮಾತು ಬಿಟ್ಟಿದ್ದರೂ ಹೆಣ್ಣುಮಕ್ಕಳು ಕಳೆ ತೆಗೆಯುವಾಗ ಬದುವಿನ ಮೇಲೆ ನಿಂತು ಸುಖದುಃಖ ಕೇಳುವುದನ್ನು ಪೂರ್ತಿ ಬಿಟ್ಟಿರುವುದಿಲ್ಲ. ಎಷ್ಟೋ ಜಗಳಗಳಿಗೆ ತೂತು ಬೀಳುವುದು ಅಲ್ಲಿಂದ.

ಯೋಜನೆ ಮೊದಲು ಎರಡು ವರ್ಷಕ್ಕೆಂದು ಬಂದು, ನಂತರ ಅವಧಿ ವಿಸ್ತರಣೆಯಾಗಿದೆ. ಕೊನೆಯ ತಾರೀಖನ್ನು ತಲಾಠಿ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೋಗುವಾಗ ಎರಡೂ ಗಟ್‌ಗಳ ಉತಾರೆ, ಹಳೆಯ ಫೇರಫಾರ ನಕಲು ಜೊತೆಗಿರಲಿ. ತಾಬೆ ಯಾರದೆಂದು ಸ್ಥಳ ಪಂಚನಾಮೆ ಆಗುತ್ತದೆ. ಅದಕ್ಕೆ ಸುತ್ತಲಿನ ಬೇರೆ ಗಟ್‌ಗಳ ಕನಿಷ್ಠ ಇಬ್ಬರ ಸಹಿಯೂ ಬೇಕು. ಆ ಕಡೆಯ ಬದುವಿನವರ ಜೊತೆಗೂ ಮಾತು ಬಿಟ್ಟವರಿಗೆ ಕೆಲಸ ಸ್ವಲ್ಪ ಹೆಚ್ಚು.