ಸೂಜಿ ಚುಚ್ಚಿದ ಮೇಲೆ

ದೊಡ್ಡಬಳ್ಳಾಪುರವಾಗಲಿ ನೆಲಮಂಗಲವಾಗಲಿ, ಲ್ಯಾಬ್ ಟೆಕ್ನಿಷಿಯನ್‌ಗೆ ಜನ ಇಟ್ಟಿರುವ ಹೆಸರು ಒಂದೇ: ‘ರಕ್ತ ತೆಗೆಯೋರು’. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ತೋಳು ಚಾಚುವವರಿಗೆ ಕಾಣುವುದೂ ಅಷ್ಟೇ. ಸೂಜಿ, ಹತ್ತಿ, ಸಂಜೆಗೆ ರಿಪೋರ್ಟು. ನಡುವಿನದ್ದನ್ನೆಲ್ಲ ಮಿಷಿನ್ನು ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಈ ಕೋರ್ಸಿಗೆ ಸೇರುವ ಮಕ್ಕಳ ಮನೆಯಲ್ಲೇ ‘ಬಟನ್ ಒತ್ತೋಕೆ ವರ್ಷಗಟ್ಲೆ ಓದ್ಬೇಕಾ?’ ಎಂಬ ಮಾತು ಬರುತ್ತದೆ.

ಬಟನ್ ಒತ್ತುವುದು ನಿಜ. ಒತ್ತಿದ ಮೇಲೆ ಬಂದ ಸಂಖ್ಯೆಯನ್ನು ನಂಬಬೇಕೋ ಬೇಡವೋ ಎಂಬಲ್ಲಿ ಓದು ಬೇಕಾಗುತ್ತದೆ.

ಡೆಂಗಿ ಕಾಲದ ಪ್ಲೇಟ್‌ಲೆಟ್ಟನ್ನೇ ನೋಡಿ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗಿನಿಂದ, ಜ್ವರ ಬಂದವರ ಮನೆಯಲ್ಲಿ ಮೊದಲು ಕೇಳುವುದೇ ‘ಕೌಂಟ್ ಎಷ್ಟು?’. ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕಾದದ್ದು 40 ಸಾವಿರ ಎಂದು ಬಂದರೆ ಮನೆಯವರು ಬೆಂಗಳೂರಿಗೆ ಗಾಡಿ ಹುಡುಕುತ್ತಾರೆ. ಆದರೆ ಮಿಷಿನ್ನು ಪ್ಲೇಟ್‌ಲೆಟ್ಟಿನ ಗುರುತು ಹಿಡಿಯುವುದು ಹೆಚ್ಚಾಗಿ ಗಾತ್ರ ನೋಡಿ. ಕೆಲವರ ರಕ್ತ, ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕಕ್ಕೆ ತಗುಲಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಹತ್ತಿಪ್ಪತ್ತು ಸೇರಿದ ಮುದ್ದೆ ಮಿಷಿನ್ನಿನ ಲೆಕ್ಕಕ್ಕೆ ಪ್ಲೇಟ್‌ಲೆಟ್ಟೇ ಅಲ್ಲ. ಇದು ಅಪರೂಪ, ಒಪ್ಪೋಣ. ಅಪರೂಪವಲ್ಲದ್ದು ಇನ್ನೊಂದಿದೆ: ರಕ್ತ ತೆಗೆದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸದಿದ್ದರೆ ಸಣ್ಣ ಹೆಪ್ಪು ಕಟ್ಟಿ, ಯಾರ ಕೌಂಟಾದರೂ ಸುಳ್ಳೇ ಇಳಿಯುತ್ತದೆ.

ಆದ್ದರಿಂದ ಬಲ್ಲ ಟೆಕ್ನಿಷಿಯನ್ ಕಡಿಮೆ ಸಂಖ್ಯೆ ಕಂಡೊಡನೆ ಪ್ರಿಂಟ್ ಕೊಡುವುದಿಲ್ಲ. ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ತಾವೇ ನೋಡುತ್ತಾರೆ. ಗುಂಪು ಕಂಡರೆ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸುತ್ತಾರೆ. ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರವ ಮೊದಲೇ ಇರುವುದರಿಂದ ಈ ಗುಣಾಕಾರ. ‘ಇನ್ನೊಂದ್ಸಲ ಚುಚ್ತಾರೆ, ಕೆಲಸ ಬರಲ್ಲ’ ಎಂದು ನಾವು ಗೊಣಗುವುದು ಬಹುಶಃ ಕೆಲಸ ಚೆನ್ನಾಗಿ ಬಲ್ಲವರ ಮೇಲೆಯೇ.

ಮುಚ್ಚಳದ ಬಣ್ಣ ಅಲಂಕಾರಕ್ಕೆ ಎಂದುಕೊಂಡವರೂ ಇದ್ದಾರೆ. ಸಕ್ಕರೆ ಪರೀಕ್ಷೆಗೆ ಬೂದು ಮುಚ್ಚಳ, ಒಳಗೆ ಫ್ಲೋರೈಡ್. ಟ್ಯೂಬಿಗೆ ಬಿದ್ದ ಮೇಲೂ ರಕ್ತಕಣಗಳು ಬದುಕಿಯೇ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ: ಹಾಗೇ ಬಿಟ್ಟರೆ ಗಂಟೆಗೆ ಸುಮಾರು ನೂರಕ್ಕೆ 5ರಿಂದ 7ರಷ್ಟು. ತೂಬಗೆರೆಯಲ್ಲೋ ಸೂಲಿಬೆಲೆಯಲ್ಲೋ ಬೆಳಿಗ್ಗೆ ತೆಗೆದ ಸ್ಯಾಂಪಲ್ಲು ಸಾದಾ ಟ್ಯೂಬಿನಲ್ಲೇ ಬೈಕಿನ ಡಬ್ಬಿ ಏರಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೂರು ಗಂಟೆ ಕಳೆಯಿತು ಎಂದಿಟ್ಟುಕೊಳ್ಳಿ. ಹೊರಡುವಾಗ 130 ಇದ್ದದ್ದು ತಲುಪುವಾಗ 108ರ ಆಸುಪಾಸು. ಖಾಲಿ ಹೊಟ್ಟೆಯಲ್ಲಿ 126 ದಾಟಿದರೆ ಸಕ್ಕರೆ ಕಾಯಿಲೆಯ ಗಡಿ ದಾಟಿದ ಹಾಗೆ. ದಾರಿಯಲ್ಲೇ ಕಾಯಿಲೆ ‘ವಾಸಿ’! ಫ್ಲೋರೈಡಿಗೂ ಪೂರ್ತಿ ಹಿಡಿತ ಸಿಗಲು ಒಂದೆರಡು ಗಂಟೆ ಬೇಕು. ಹಾಗಾಗಿ ಸ್ಯಾಂಪಲ್ಲನ್ನು ಬೇಗ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕಣಗಳಿಂದ ಬೇರೆ ಮಾಡುವ ಅವಸರ. ಎರಡು ಲ್ಯಾಬಿನಲ್ಲಿ ಎರಡು ಸಂಖ್ಯೆ ಬಂದರೆ ಒಬ್ಬರು ಮೋಸ ಮಾಡಿದ್ದಾರೆ ಎಂದು ಹಾರಾಡುವ ಮೊದಲು ಟ್ಯೂಬು ಎಷ್ಟು ದೂರ ಬಂತು ಎಂದು ಕೇಳಬಹುದು.

ಇನ್ನು ವಿಡಾಲ್. 1896ರ ಕಾಲದ ಪರೀಕ್ಷೆ, ನಮ್ಮಲ್ಲಿ ಇನ್ನೂ ಮೂರು ದಿನದ ಜ್ವರಕ್ಕೆಲ್ಲ ನಡೆಯುತ್ತದೆ. ರಿಪೋರ್ಟಿನಲ್ಲಿ 1:80 ಕಂಡವರು ಕಿಟಕಿಯಲ್ಲಿ ತಲೆಯಿಟ್ಟು ‘ಟೈಫಾಯ್ಡ್ ಎಷ್ಟಿದೆ ಮೇಡಂ?’ ಎನ್ನುತ್ತಾರೆ. ಅದು ಟೈಫಾಯ್ಡಿನ ಅಳತೆಯೇ ಅಲ್ಲ. ಕ್ರಿಮಿಯ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳ ಲೆಕ್ಕ. ಸಾಮಾನ್ಯವಾಗಿ ಮೊದಲ ವಾರ ಕಳೆಯುವ ತನಕ ಅವು ಸಾಕಷ್ಟು ಕಾಣುವುದಿಲ್ಲ, ಹಿಂದೆಂದೋ ಬಂದ ಸೋಂಕಿನಿಂದಲೂ ಉಳಿದಿರಬಹುದು. ಖಾತ್ರಿ ಬೇಕಿದ್ದರೆ ಆ್ಯಂಟಿಬಯೊಟಿಕ್ ಶುರುಮಾಡುವ ಮುಂಚೆ ಬ್ಲಡ್ ಕಲ್ಚರ್. ಕಿಟಕಿಯ ಆಚೆಯವರು ‘ಡಾಕ್ಟರಿಗೆ ತೋರಿಸಿ’ ಎಂದಷ್ಟೇ ಹೇಳಿದರೆ ಅದು ಸೊಕ್ಕಲ್ಲ. ಪರೀಕ್ಷೆ ಅವರದು, ರೋಗ ಹೇಳುವುದು ವೈದ್ಯರದು.

ಸಣ್ಣಪುಟ್ಟವನ್ನು ಬೇಗ ಮುಗಿಸುತ್ತೇನೆ. ಖಾಲಿ ಹೊಟ್ಟೆ ಎಂದರೆ ನೀರು ಕುಡಿಯಬಹುದು. ಸಕ್ಕರೆ ಹಾಕದ ಕಾಫಿ ಮಾತ್ರ ಕಾಫಿಯೇ, ಬೇಡ. ಮೂರು ಟ್ಯೂಬು ಸೇರಿ ಹತ್ತು ಮಿಲಿಲೀಟರ್ ಆದೀತು, ಎರಡು ಟೀ ಚಮಚ. ಐದು ಲೀಟರಿನ ಮೈಗೆ ಅದು ಲೆಕ್ಕಕ್ಕಿಲ್ಲ, ದಾಳಿಂಬೆಯನ್ನು ರುಚಿಗೇ ತಿನ್ನಿ. ‘ಯಾರು ಬೇಕಾದ್ರೂ ಕಲೀಬಹುದು’ ಎನ್ನುವವರಿಗೆ: ಡಿಎಂಎಲ್‌ಟಿ ಡಿಪ್ಲೊಮಾಕ್ಕೆ ಪ್ಯಾರಾಮೆಡಿಕಲ್ ಬೋರ್ಡ್ ಇದೆ, ಬಿಎಸ್ಸಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಈ ವೃತ್ತಿಯೂ ಸೇರಿದಂತೆ ಹಲವು ಆರೋಗ್ಯ ವೃತ್ತಿಗಳ ಶಿಕ್ಷಣ, ನೋಂದಣಿಗೆ 2021ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ.

ಕೊನೆಯದು ನನಗೆ ಹೆಚ್ಚು ಕಾಡುವುದು. ಬೆಂಗಳೂರಿನಲ್ಲೇ ರೂಪುಗೊಂಡ ಟ್ರೂನಾಟ್ ಯಂತ್ರ ಬಂದ ಮೇಲೂ ಕ್ಷಯಕ್ಕೆ ಕಫದ ಸ್ಲೈಡ್ ನೋಡುವುದು ನಿಂತಿಲ್ಲ. ಕ್ರಿಮಿ ತುಂಬಿ ತುಳುಕುತ್ತಿದ್ದರೆ 20 ಫೀಲ್ಡ್ (ಮಸೂರದಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ) ನೋಡಿದರೆ ಸಾಕು, ‘ಇದೆ’ ಎಂದು ಬರೆಯಬಹುದು. ‘ಇಲ್ಲ’ ಎಂದು ಬರೆಯಲು 100 ಫೀಲ್ಡ್ ನೋಡಬೇಕು, ಒಂದೊಂದನ್ನೂ ಎಣ್ಣೆ ಹಚ್ಚಿದ ಮಸೂರದ ಕೆಳಗೆ ಸರಿಸಿ ಸರಿಸಿ. ಆ ‘ಇಲ್ಲ’ವನ್ನು ಹಿಡಿದು ಹೊರಬಂದವರು ಜೊತೆಯವರಿಗೆ ಹೇಳುವುದು: ‘ಏನೂ ಇಲ್ವಂತೆ, ಸುಮ್ನೆ ಅರ್ಧ ದಿನ ಕಾಯ್ಸಿದ್ರು.’